ಕ್ರಮದಂತೆ ಮಂಡಿಸಿ

ಆಯುಧಪೂಜೆಯ ದಿನ ನಮ್ಮ ಆಫೀಸಿನ ಒಂದೊಂದು ವಿಭಾಗವೂ ತನ್ನ ಕಂಪ್ಯೂಟರಿಗೆ, ಬೀರುವಿಗೆ ಕುಂಕುಮ ಹಚ್ಚಿ ಪೂಜೆ ಮಾಡುತ್ತದೆ. ಪೂಜೆಯಾದ ಮೇಲೆ ಪುರಿ, ಕಡಲೆ, ಬೆಲ್ಲದ ತುಂಡು, ಒಂದು ಬಾಳೆಹಣ್ಣು ಸೇರಿಸಿ ಪೊಟ್ಟಣ ಕಟ್ಟಿ, ಆಯಾ ವಿಭಾಗದ ಹಾಜರಿ ಪುಸ್ತಕ ನೋಡಿಕೊಂಡು ಹಂಚುತ್ತಾರೆ. ನನ್ನ ಹೆಸರು ಯಾವ ವಿಭಾಗದ ಹಾಜರಿ ಪುಸ್ತಕದಲ್ಲೂ ಇಲ್ಲ. ಹಾಗಾಗಿ ಐದು ವರ್ಷ ನನಗೆ ಪುರಿ ಪೊಟ್ಟಣ ಸಿಗಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಐವತ್ತಾರು ವರ್ಷದ ಹೆಂಗಸು ಬಾಯಿಬಿಟ್ಟು ಪುರಿ ಕೇಳುವುದು ಹೇಗೆ?

ನನ್ನ ಕೆಲಸದ ಹೆಸರು ಸಮನ್ವಯ. ಅಂಗನವಾಡಿ ಒಂದು ಇಲಾಖೆಯದು, ಶಾಲೆ ಇನ್ನೊಂದರದು, ಕಾಲೇಜು ಮತ್ತೊಂದರದು. ಮೂರು ವರ್ಷದ ಮಗು ಪದವಿ ಮುಗಿಸುವಷ್ಟರಲ್ಲಿ ಮೂರು ಮನೆ ಬದಲಿಸಿರುತ್ತದೆ. ಪ್ರತಿ ಮನೆಯಲ್ಲೂ ಹೊಸ ನಂಬರು, ಹೊಸ ಫಾರಂ, ಅವೇ ಹಳೆಯ ಪ್ರಶ್ನೆಗಳು. ಈ ಮೂವರನ್ನು ಒಂದು ಮೇಜಿನ ಸುತ್ತ ಕೂರಿಸಿ, ಒಬ್ಬರ ನಿಯಮ ಇನ್ನೊಬ್ಬರ ಕಾಲಿಗೆ ತೊಡರದಂತೆ ನೋಡಿಕೊಳ್ಳಲೆಂದು ಒಂದು ಸಣ್ಣ ಘಟಕ ಮಾಡಿದರು. ಎರಡು ಕೋಣೆ, ಒಬ್ಬ ಸೂಪರಿಂಟೆಂಡೆಂಟ್, ಒಬ್ಬ ಟೈಪಿಸ್ಟ್, ಮತ್ತು ನಾನು. ನಾನು ಶಿಕ್ಷಕರ ತರಬೇತಿ ಕಾಲೇಜಿನಿಂದ ಡೆಪ್ಯುಟೇಷನ್ ಮೇಲೆ ಬಂದವಳು. ಆ ಕಡೆಯವರು ನನ್ನನ್ನು ಬಿಟ್ಟುಕೊಟ್ಟರು, ಈ ಕಡೆಯವರು ನನ್ನನ್ನು ತಮ್ಮವಳೆಂದು ಸೇರಿಸಿಕೊಳ್ಳಲಿಲ್ಲ.

ಸಭೆಗಳು ತಿಂಗಳಿಗೊಮ್ಮೆ. ಮೂರು ಇಲಾಖೆಯವರೂ ಬರುತ್ತಾರೆ, ಟೀ ಕುಡಿಯುತ್ತಾರೆ, ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಸರದಿಯಂತೆ ಹೇಳುತ್ತಾರೆ. ಯಾರ ವ್ಯಾಪ್ತಿಗೂ ಬಾರದ್ದೆಲ್ಲ ನನ್ನ ಮೇಜಿಗೆ ಬರುತ್ತದೆ. ಮಧ್ಯಾಹ್ನ ಅವರವರ ವಿಭಾಗದವರು ಡಬ್ಬಿ ಬಿಚ್ಚಿ ಒಟ್ಟಿಗೆ ಕೂತು ಉಣ್ಣುತ್ತಾರೆ. ನಾನು ನನ್ನ ಮೇಜಿನಲ್ಲೇ ಮೊಸರನ್ನ ತಿಂದು ಡಬ್ಬಿ ತೊಳೆದಿಡುತ್ತೇನೆ.

ಮೊದಲು ಆ ಹೊತ್ತಿಗೆ ಸರಿಯಾಗಿ ಅವ್ವ ಫೋನ್ ಮಾಡುತ್ತಿದ್ದಳು. ನಾನು ಮದುವೆಯಾಗಲಿಲ್ಲ, ಅವಳು ನನ್ನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ನನ್ನ ತಾತ ಹಾವೇರಿ ಕಡೆಯಿಂದ ಜವಳಿ ವ್ಯಾಪಾರಕ್ಕೆಂದು ಈ ತಮಿಳು ಊರಿನ ಪುರಸೈವಾಕ್ಕಂಗೆ ಬಂದವರು. ಹಣೆಗೆ ವಿಭೂತಿ, ಬಾಯಲ್ಲಿ ಊರ ಮಾತು, ಎರಡನ್ನೂ ಮನೆಯವರು ಕೊನೆಯವರೆಗೆ ಬಿಡಲಿಲ್ಲ. “ಊಟ ಆತೇನವ್ವಾ? ಏನ್ ಒಯ್ದಿದ್ದಿ? ಇಷ್ಟ್ ಮಜ್ಜಿಗಿ ಕುಡಿ, ಬಿಸಲ್ ಭಾಳ ಐತಿ,” ಎನ್ನುತ್ತಿದ್ದಳು. ಅಷ್ಟೇ ಮಾತು, ದಿನವೂ ಅದೇ ಮಾತು. ಎರಡು ವರ್ಷದ ಹಿಂದೆ ಅವ್ವ ಹೋದಳು. ಅಲ್ಲಿಂದೀಚೆಗೆ ನಾನು ಬಾಯಿಬಿಟ್ಟು ಕನ್ನಡ ಆಡುವುದು ಕುಕ್ಕರಿನ ಸೀಟಿ ಎಣಿಸುವಾಗ ಮಾತ್ರ. ಒಂದು, ಎರಡು, ಮೂರು. ಮೂರಕ್ಕೆ ಒಲೆ ಆರಿಸಿದರೆ ಆ ದಿನದ ಕನ್ನಡ ಮುಗಿಯಿತು.

ಕೆಲಸದ ಬಗ್ಗೆ ನನಗೆ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳಾದೀತು. ಒಮ್ಮೆ ಎಣ್ಣೂರಿನ ಮೀನುಗಾರರ ಕೇರಿಯ ಅಂಗನವಾಡಿಗೆ ಹೋಗಿದ್ದೆ. ಅಲ್ಲಿಯ ಕಾರ್ಯಕರ್ತೆ ಹಳೆಯ ನೋಟ್‌ಬುಕ್ಕಿನಲ್ಲಿ ತನ್ನ ಬಳಿ ಬೆಳೆದು ಹೋದ ಮಕ್ಕಳ ಹೆಸರನ್ನೆಲ್ಲ ಬರೆದಿಟ್ಟುಕೊಂಡಿದ್ದಳು. ಯಾರು ಶಾಲೆಗೆ ಸೇರಿದರು, ಯಾರು ಸೇರಲಿಲ್ಲ ಎಂದು ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಸಂತೆಯಲ್ಲಿ ಕಂಡ ತಾಯಂದಿರನ್ನು ಕೇಳಿ ಕೇಳಿ ಹೆಸರಿನ ಮುಂದೆ ತಾನೇ ಗುರುತು ಹಾಕಿಕೊಳ್ಳುತ್ತಿದ್ದಳು. ಗುರುತಿಲ್ಲದ ಹೆಸರುಗಳೂ ಬಹಳ ಇದ್ದವು. ಬೇಸಿಗೆಯ ಆ ಎರಡು ತಿಂಗಳು, ಅಂಗನವಾಡಿ ಬಿಟ್ಟು ಶಾಲೆ ಸೇರುವ ಮುಂಚೆ, ಮಗು ಯಾವ ಇಲಾಖೆಯದೂ ಅಲ್ಲ. ಕಳೆದುಹೋಗುವ ಮಕ್ಕಳು ಕಳೆಯುವುದು ಆಗಲೇ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಅಳು ಬಂತು, ಮಕ್ಕಳಿಗಾಗಿ ಮಾತ್ರ ಬಂದದ್ದಲ್ಲ.

ಆಮೇಲೆ ಹಟ ಹಿಡಿದು ಒಂದು ನಿಯಮ ಮಾಡಿಸಿದೆ. ಅಂಗನವಾಡಿಯ ಪಟ್ಟಿ ಹಾಗೇ ಶಾಲೆಗೆ ಹೋಗಬೇಕು. ಒಂದನೇ ತರಗತಿಯ ಮಕ್ಕಳನ್ನು ಜುಲೈನ ಒಂದು ಗೊತ್ತಾದ ದಿನ ಆ ಪಟ್ಟಿಯಿಂದಲೇ ಎಣಿಸಬೇಕು. ಒಂದು ಮಗು ಕಡಿಮೆಯಾದರೂ ಯಾರಾದರೂ ಅದರ ಮನೆ ಬಾಗಿಲಿಗೆ ಹೋಗಬೇಕು. ಹೆಸರು, ವಿಳಾಸ, ಮನೆಮಾತು ಎಲ್ಲವೂ ಅಂಗನವಾಡಿಯಲ್ಲಿ ಬರೆದದ್ದೇ ಕಾಲೇಜಿನವರೆಗೂ ಹೋಗಲಿ, ಬಡ ತಾಯಿಯನ್ನು ಅದೇ ಪ್ರಶ್ನೆ ಮೂರು ಸಲ ಕೇಳುವುದು ಬೇಡ ಎಂದು ಬರೆದವಳು ನಾನೇ. ಮೂರು ಇಲಾಖೆಗಳೂ ಒಪ್ಪಿದ ಮೊದಲ ಕಾಗದ ಅದು. ಅದರ ನಕಲೊಂದನ್ನು ಮನೆಗೆ ತಂದು ಅವ್ವನ ಫೋಟೋದ ಕೆಳಗೆ ಇಟ್ಟಿದ್ದೆ.

ನಿಯಮ ಒಳ್ಳೆಯದೇ. ಒಂದು ಕಡೆ ಮಾತ್ರ ಎಡವಿತು. ಅಂಗನವಾಡಿಯಲ್ಲಿ ಆಡುವುದು ತಮಿಳು. ಮನೆಮಾತಿನ ಕಾಲಂ ಬಂದಾಗ ಕಾರ್ಯಕರ್ತೆಯರು ಎಲ್ಲ ಮಕ್ಕಳಿಗೂ ತಮಿಳು ಎಂದೇ ಬರೆದಿದ್ದರು. ಅವರದೂ ತಪ್ಪಲ್ಲ, ಮೂವತ್ತು ಮಕ್ಕಳಿಗೆ ಮೊಟ್ಟೆ ಬೇಯಿಸುವ ನಡುವೆ ಬರೆದದ್ದು. ಆದರೆ ಊರಿನ ಕೆಲವು ಶಾಲೆಗಳಲ್ಲಿ ತೆಲುಗು, ಉರ್ದು, ಕನ್ನಡ ಕಲಿಸುವ ಪುಟ್ಟ ಪುಟ್ಟ ಸೆಕ್ಷನ್‌ಗಳಿವೆ. ಪಟ್ಟಿಯ ಪ್ರಕಾರ ಅಲ್ಲಿಗೆ ಸೇರಬೇಕಾದ ಮಕ್ಕಳೇ ಇಲ್ಲ. ಎಣಿಕೆಯ ದಿನದೊಳಗೆ ಪಟ್ಟಿ ತಿದ್ದಿಸದಿದ್ದರೆ ಆ ವರ್ಷ ಒಂದನೇ ತರಗತಿ ಇಲ್ಲ. ಒಮ್ಮೆ ಮುಚ್ಚಿದ ತರಗತಿಯನ್ನು ಮತ್ತೆ ತೆರೆಯುವ ದಾರಿಯನ್ನು ನನ್ನ ನಿಯಮದಲ್ಲಿ ನಾನು ಬರೆದಿರಲಿಲ್ಲ.

ಮೊದಲು ಬಂದದ್ದು ತೆಲುಗು ಸೆಕ್ಷನ್‌ನ ಹೆಡ್‌ಮಾಸ್ಟರ್. ಅವರ ಬೆವರು ನೋಡಿಯೇ ನಾನು ಫೋನ್ ಎತ್ತಿದೆ. ಮೂರು ಕಡೆ ಮಾತಾಡಿ, ಕಾಗದವನ್ನು ನಾನೇ ಕೈಯಲ್ಲಿ ಹಿಡಿದು ಮೂರನೇ ಮಹಡಿ ಹತ್ತಿ, ಸಂಜೆಯೊಳಗೆ ತಿದ್ದಿಸಿ ಕಳಿಸಿದೆ. ಅವರು ಹೋಗುವಾಗ ಕೈ ಮುಗಿದರು. ಸೂಪರಿಂಟೆಂಡೆಂಟ್ ನಕ್ಕು, ಮೇಡಂ ಎಲ್ಲ ಭಾಷೆಗೂ ಅಮ್ಮ ಎಂದರು.

ಅದಾದ ಮುಂದಿನ ವಾರ ಅವಳು ಬಂದಳು.

ಅವಳೆಂದರೆ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಪುರಸೈವಾಕ್ಕಂನ ಒಂದು ಶಾಲೆಯ ಕನ್ನಡ ಸೆಕ್ಷನ್‌ನಲ್ಲಿ ನಾವಿಬ್ಬರೂ ಓದಿದ್ದು. ಅವರ ಮನೆಯವರು ಮೈಸೂರಿನಿಂದ ಬಂದು ನಾಲ್ಕು ತಲೆಮಾರಾಗಿತ್ತು, ನಾಮ ಇಡುವವರು. ನನ್ನ “ಹೋಗ್ತೇನಿ, ಬರ್ತೇನಿ” ಕೇಳಿ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ವಿಜಯದಶಮಿಯ ಬೆಳಿಗ್ಗೆ ರಜೆಯಿದ್ದರೂ ಬಾಗಿಲು ತೆಗೆದು, ತಟ್ಟೆಯಲ್ಲಿ ಅಕ್ಕಿ ಹರಡಿ ಹೊಸ ಮಕ್ಕಳಿಂದ ‘ಅ’ ಬರೆಸುತ್ತಿದ್ದರು. ಕೈ ಹಿಡಿದು ಬರೆಸುವುದು ಟೀಚರಲ್ಲ, ಹಿಂದಿನ ವರ್ಷ ಹಾಗೆ ಬರೆದ ಮಗು. ನನ್ನ ಕೈ ಹಿಡಿದವಳು ಅವಳು. ಎಷ್ಟು ಒತ್ತಿ ಹಿಡಿದಿದ್ದಳೆಂದರೆ ನನ್ನ ಬೆರಳ ತುದಿ ಕೆಂಪಾಗಿತ್ತು. ಮುಂದಿನ ವರ್ಷ ನಾನು ಇನ್ನೊಬ್ಬಳ ಕೈ ಹಿಡಿದೆ. ಮಗುವನ್ನು ಕೈಯಿಂದ ಕೈಗೆ ದಾಟಿಸುವುದು ಹೇಗೆಂದು ಐದು ವರ್ಷ ಸಭೆ ಮಾಡಿದ ನನಗೆ, ನಾನು ಕಲಿತ ಶಾಲೆಯಲ್ಲಿ ಅದನ್ನು ಒಂದು ತಟ್ಟೆ ಅಕ್ಕಿಯಲ್ಲಿ ಮಾಡುತ್ತಿದ್ದರೆಂಬುದು ಒಮ್ಮೆಯೂ ನೆನಪಾಗಿರಲಿಲ್ಲ.

ನಾನು ಮುಂದೆ ಓದಿ ಸರ್ಕಾರಿ ಕೆಲಸ ಹಿಡಿದೆ. ಅವಳು ಅದೇ ಸೆಕ್ಷನ್‌ಗೆ ಟೀಚರಾಗಿ ಮರಳಿದಳು. ನಡುವೆ ಅವಳ ಮದುವೆಗೆ, ಅವಳ ಮಗಳ ಮದುವೆಗೆ ಹೋಗಿದ್ದೆ. ಅವ್ವ ತೀರಿಕೊಂಡಾಗ ಅವಳು ಬಂದು ಮೂರು ದಿನ ನನ್ನ ಅಡಿಗೆಮನೆ ನೋಡಿಕೊಂಡಿದ್ದಳು. ಆಮೇಲೆ ನಾನೇ ಹೋಗಿರಲಿಲ್ಲ. ಯಾರಾದರೂ ಸಮಾಧಾನ ಹೇಳಿದರೆ ನನಗೆ ಸಿಟ್ಟು ಬರುವ ಕಾಲ ಅದು.

ಅವಳು ಕೋಣೆಗೆ ಬಂದವಳೇ ಕುರ್ಚಿ ಎಳೆದುಕೊಂಡು ಕೂತಳು. “ಏನೇ, ಎಷ್ಟು ಬಡವಾಗಿದೀಯಾ! ನೋಡಿಲ್ಲಿ, ಒಂಬತ್ತು ಮಕ್ಳು ಕಣೇ. ನಿಜವಾಗ್ಲೂ ಕ್ಲಾಸಲ್ಲಿ ಕೂತಿವೆ. ನಿಮ್ಮ ಲಿಸ್ಟಲ್ಲಿ ಮಾತ್ರ ಒಂದೂ ಇಲ್ಲ. ಅಪ್ಪ ಅಮ್ಮ ಎಲ್ರೂ ಸೈನ್ ಹಾಕ್ಕೊಟ್ಟಿದಾರೆ. ನೀನು ಸುಮ್ಮಾ ಒಂದು ಫೋನ್ ಮಾಡು, ಸಾಕು.”

ಟೈಪಿಸ್ಟ್ ಬೆರಳು ನಿಲ್ಲಿಸಿ ನೋಡಿದಳು. ಸೂಪರಿಂಟೆಂಡೆಂಟ್ ತಲೆ ಎತ್ತಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದರು. ಎರಡು ವರ್ಷದ ಮೇಲೆ ಒಬ್ಬರು ನನ್ನನ್ನು ‘ಏನೇ’ ಎಂದಿದ್ದರು. ಎದೆಯೊಳಗೆ ಏನೋ ಸಡಿಲವಾಯಿತು, ಅದರ ಹಿಂದೆಯೇ ಹೆದರಿಕೆ ಬಂತು. ನಾನು ಫೈಲು ಮುಚ್ಚಿ, ನೆಟ್ಟಗೆ ಕೂತು, ತಮಿಳಿನಲ್ಲಿ ಹೇಳಿದೆ: “ಸೊಲ್ಲುಂಗ ಟೀಚರ್.” ಹೇಳಿ ಟೀಚರ್, ಎಂದು. ಬಹುವಚನದಲ್ಲಿ.

ಹೆದರಿಕೆ ಯಾತರದೆಂದು ಹೇಳಬೇಕು. ಟೀವಿಯಲ್ಲಿ ಕಾವೇರಿಯ ಜಗಳ ಬಂದಾಗಲೆಲ್ಲ ಆಫೀಸಿನಲ್ಲಿ ಯಾರಾದರೂ ನನ್ನನ್ನು ಛೇಡಿಸುತ್ತಿದ್ದರು: “ಉಂಗ ಆಳುಂಗ ತಣ್ಣಿ ತರ ಮಾಟೇಂಗ್ರಾಂಗಳೇ, ಮೇಡಂ!” ನಿಮ್ಮವರು ನೀರು ಕೊಡುವುದಿಲ್ಲವಂತಲ್ಲ, ಎಂದು. ನಾನು ಹುಟ್ಟಿದ್ದು ಈ ಊರಿನಲ್ಲಿ, ಲಾರಿ ನೀರಿಗೆ ಕೊಡ ಹಿಡಿದು ನಿಂತು ಬೆಳೆದವಳು. ಕಾವೇರಿಯನ್ನು ರೈಲಿನ ಕಿಟಕಿಯಿಂದ ನೋಡಿದ್ದೇನೆ ಅಷ್ಟೆ. ಅವರು ಅಂದದ್ದು ತಮಾಷೆಗೇ, ನಾನೂ ನಗುತ್ತಿದ್ದೆ. ಆದರೂ ಕನ್ನಡದ ಕಾಗದವೊಂದು ನನ್ನ ಮೇಜಿಗೆ ಬಂದರೆ ‘ತನ್ನವರಿಗೆ ಮಾಡಿಕೊಟ್ಟಳು’ ಎಂಬ ಮಾತು ಬರಬಾರದೆಂದು ಎಷ್ಟೋ ವರ್ಷಗಳ ಹಿಂದೆಯೇ ಗಟ್ಟಿ ಮಾಡಿಕೊಂಡಿದ್ದೆ. ಈ ಪ್ರಾಮಾಣಿಕತೆಯ ಬಗ್ಗೆ ನನಗೆ ನಾನೇ ಬೆನ್ನು ತಟ್ಟಿಕೊಂಡದ್ದೂ ಉಂಟು.

ಅವಳು ತಂದಿದ್ದ ಕಾಗದವನ್ನು ನನ್ನ ಮುಂದಿಟ್ಟಳು. ಆಮೇಲೆ ಕನ್ನಡದಲ್ಲೇ, ದನಿ ತಗ್ಗಿಸಿ, “ಎಣಿಕೆಗೆ ಹದಿಮೂರು ದಿನ ಇದೆ. ಅಷ್ಟರಲ್ಲಿ ಆಗತ್ತೆ ತಾನೆ?” ಎಂದಳು. ನಾನು ಮತ್ತೆ ತಮಿಳಿನಲ್ಲಿ, ಆಗುತ್ತದೆ, ಕ್ರಮದಂತೆ ಹೋಗಲಿ ಎಂದೆ. ಒಂಬತ್ತು ಹೆಸರಿನ ಆ ಕಾಗದದ ಅಂಚಿನಲ್ಲಿ ಬರೆದದ್ದೂ ಅದನ್ನೇ. ಕ್ರಮದಂತೆ ಮಂಡಿಸಿ. ನಮ್ಮ ಆಫೀಸಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಅವಸರವಿಲ್ಲ ಎಂದು.

ಕಾಗದ ಮೊದಲು ಅಂಗನವಾಡಿಯ ಇಲಾಖೆಗೆ ಹೋಯಿತು. ಮಕ್ಕಳು ನಮ್ಮನ್ನು ಬಿಟ್ಟು ಹೋಗಿದ್ದಾರೆ, ಈಗ ತಿದ್ದುವುದು ಶಾಲೆಯವರ ಕೆಲಸ ಎಂದು ಅವರು ಬರೆದರು. ಬರೆದದ್ದು ನಾವಲ್ಲ, ಬರೆದವರೇ ತಿದ್ದಲಿ ಎಂದು ಶಾಲೆಯವರು. ಯಾರೋ ಪುಣ್ಯಾತ್ಮರು ‘ಕಾಲೇಜಿನ ಇಲಾಖೆಯ ಅಭಿಪ್ರಾಯವನ್ನೂ ಪಡೆಯಬಹುದು’ ಎಂದು ಸೇರಿಸಿದರು, ಐದು ವರ್ಷದ ಮಕ್ಕಳ ವಿಷಯದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ನಾನೇ. ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಫೈಲಿನ ನಂಬರು ಹಾಕಿ ನೋಡುತ್ತಿದ್ದೆ. ‘ಪರಿಶೀಲನೆಯಲ್ಲಿದೆ’ ಎಂದು ಬರುತ್ತಿತ್ತು. ಫೋನು ನನ್ನ ಬಲಗೈಯ ಪಕ್ಕದಲ್ಲೇ ಇತ್ತು.

ಅವಳು ಎರಡು ಸಲ ಫೋನ್ ಮಾಡಿದಳು. ಮೊದಲ ಸಲ ನಾನು ಸಭೆಯಲ್ಲಿದ್ದೆ. ಎರಡನೇ ಸಲ ಎತ್ತಿ, ಫೈಲು ನಡೆಯುತ್ತಿದೆ ಎಂದೆ. ತಮಿಳಿನಲ್ಲೇ. ಪಕ್ಕದಲ್ಲಿ ಯಾರೂ ಇರಲಿಲ್ಲ, ಆದರೂ ತಮಿಳಿನಲ್ಲೇ.

ಎಣಿಕೆಯ ದಿನ ಬಂತು, ಹೋಯಿತು. ಒಂಬತ್ತು ಮಕ್ಕಳು ಬೆಂಚಿನ ಮೇಲೆ ಕೂತಿದ್ದಂತೆಯೇ ಕಾಗದದ ಮೇಲೆ ಕನ್ನಡ ಸೆಕ್ಷನ್‌ನ ಒಂದನೇ ತರಗತಿಯಲ್ಲಿ ಮಕ್ಕಳಿಲ್ಲ ಎಂದಾಯಿತು. ಅವರನ್ನು ತಮಿಳು ಸೆಕ್ಷನ್‌ಗೆ ಸೇರಿಸಿದರು. ಮೇಲಿನ ತರಗತಿಗಳಿಗೆ ಅಲ್ಲಿದ್ದ ಇನ್ನೊಬ್ಬ ಟೀಚರೇ ಸಾಕೆಂದು ಅವಳನ್ನು ಅಂಬತ್ತೂರಿನ ಒಂದು ತಮಿಳು ಶಾಲೆಗೆ ಹಾಕಿದರು. ಆ ಆದೇಶದ ಪ್ರತಿ ನನ್ನ ಮೇಜಿಗೂ ಬಂತು. ನೋಡಿದ್ದೇನೆ ಎಂದು ಮೂಲೆಯಲ್ಲಿ ಸಹಿ ಹಾಕಬೇಕು. ಹಾಕಿದೆ.

ಅದಾದ ನಾಲ್ಕನೇ ದಿನ, ಪಟ್ಟಿ ತಿದ್ದಲು ಅಭ್ಯಂತರವಿಲ್ಲ ಎಂಬ ಉತ್ತರ ಬಂತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆಗ ಎದ್ದೆ. ಕಾಗದ ಹಿಡಿದು ಮೂರನೇ ಮಹಡಿ ಹತ್ತಿದೆ, ಎಲ್ಲರಿಗೂ ಫೋನ್ ಮಾಡಿದೆ, ಒಬ್ಬರ ಮೇಲೆ ಕೂಗಾಡಿದೆ ಕೂಡ. ಎಣಿಕೆ ಮುಗಿದಿದೆ ಮೇಡಂ, ನಿಯಮ ನಿಮ್ಮದೇ ಅಲ್ಲವೇ ಎಂದರು. ಕೆಳಗೆ ಬಂದು ಕೂತಾಗ ಸೂಪರಿಂಟೆಂಡೆಂಟ್ ನೀರಿನ ಬಾಟಲಿ ನನ್ನ ಕಡೆ ಸರಿಸಿದರು. ಮೆಲ್ಲಗೆ ತಮಿಳಿನಲ್ಲಿ ಹೇಳಿದರು: ತೆಲುಗಿನವರಿಗೆ ಮಾಡಿದ ಹಾಗೆ ಒಂದು ಫೋನ್ ಮಾಡಿಬಿಟ್ಟಿದ್ದರೆ ಆಗುತ್ತಿತ್ತಲ್ಲ ಮೇಡಂ. ನಿಮ್ಮ ಸ್ಕೂಲಂತಲ್ಲ ಅದು. ನಾವು ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ.

ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಹೆದರಿಸಿದವರು ಯಾರೂ ಇರಲಿಲ್ಲ. ಇಷ್ಟು ವರ್ಷ ನಾನೊಬ್ಬಳೇ ಕೂತು ಹೆದರಿದ್ದೆ. ಎಡವಿದ ನಿಯಮ ನನ್ನದು, ಅದನ್ನು ತಿದ್ದುವ ಕೈಯೂ ನನ್ನದು, ಕೈ ಎತ್ತದವಳೂ ನಾನೇ. ಹೊತ್ತು ಗೊತ್ತಿಲ್ಲದೆ ಆಫೀಸಿಗೆ ದುಡಿಯುತ್ತಿದ್ದ ನನ್ನನ್ನು ನೋಡಿ ಅವ್ವ ಒಮ್ಮೊಮ್ಮೆ ಗೊಣಗುತ್ತಿದ್ದಳು, “ಮನಿಗೆ ಮಾರಿ, ಊರಿಗೆ ಉಪಕಾರಿ” ಎಂದು. ಈ ದಿನ ನೋಡಲು ಅವ್ವ ಇಲ್ಲದ್ದು ಒಂದು ಥರದಲ್ಲಿ ಒಳ್ಳೆಯದೇ ಆಯಿತು ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಂಬತ್ತೂರಿಗೆ ಹೋದ ಅವಳಿಗೆ ಫೋನ್ ಮಾಡುವ ಧೈರ್ಯ ಮೂರು ತಿಂಗಳಾದರೂ ಬರಲಿಲ್ಲ.

ಈ ವರ್ಷದ ಆಯುಧಪೂಜೆಯಂದು ಸೂಪರಿಂಟೆಂಡೆಂಟ್ ಒಂದು ಪುರಿ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟರು. ಬಹುಶಃ ತಮ್ಮದೇ ಕೊಟ್ಟರು. ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಅದನ್ನೇ ಚೀಲಕ್ಕೆ ಹಾಕಿಕೊಂಡು ಪುರಸೈವಾಕ್ಕಂಗೆ ಹೊರಟೆ. ಮೊದಲು ಶಾಲೆಯ ಮುಂದೆ ಹೋಗಿ ನಿಂತೆ. ಗೇಟಿಗೆ ಬೀಗ ಹಾಕಿತ್ತು. ಕಳೆದ ವರ್ಷ ಅಕ್ಕಿಯಲ್ಲಿ ಬರೆದ ಮಕ್ಕಳಿಗೆ ಈ ವರ್ಷ ಹಿಡಿಯಲು ಕೈಗಳಿಲ್ಲ, ಬಾಗಿಲು ಏಕೆ ತೆಗೆಯುತ್ತಾರೆ? ಹೂವು ಮಾರುವವಳು ಯಾರನ್ನು ನೋಡಬೇಕಮ್ಮಾ ಎಂದು ಕೇಳಿದಳು. ಯಾರೂ ಇಲ್ಲ ಎಂದು ಹೇಳಿ, ಎರಡು ಬೀದಿ ದಾಟಿ ಅವಳ ಮನೆಯ ಮಹಡಿ ಹತ್ತಿದೆ.

ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ತಟ್ಟೆ ಇಟ್ಟುಕೊಂಡು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಅಕ್ಕಿ ಹರಡುತ್ತಿದ್ದಳು. ನನ್ನನ್ನು ನೋಡಿ ಮಗುವನ್ನು ಇಳಿಸಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ವಾಂಗ ಮೇಡಂ,” ಎಂದಳು. “ಉಕ್ಕಾರುಂಗ.” ಬನ್ನಿ ಮೇಡಂ, ಕೂತುಕೊಳ್ಳಿ.

ಕೂತೆ. ಅವಳು ಬಂದ ದಿನ ನಾನು ಆಡಿದ ತಮಿಳೇ ಅದು, ಅಷ್ಟೇ ಮರ್ಯಾದೆಯದು. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: “ನಂದೇ ತಪ್ಪು ಕಣೇ. ನಾನು ಫೋನ್ ಮಾಡ್ಬೇಕಾಗಿತ್ತು. ನನಗ ಹೆದರಿಕಿ ಆತು.” ಎರಡು ವರ್ಷದಲ್ಲಿ ನಾನು ಒಟ್ಟಿಗೆ ಆಡಿದ ಅತಿ ಉದ್ದದ ಕನ್ನಡ ಅದು. ಅರ್ಧ ಅವಳ ಮೈಸೂರಿನದು, ಅರ್ಧ ಅವ್ವನದು. ನನ್ನ ಕಿವಿಗೇ ಪರಕೀಯವಾಗಿ ಕೇಳಿಸಿತು.

“ಪರವಾಯಿಲ್ಲ ಮೇಡಂ,” ಎಂದಳು ಅವಳು. “ನೀಂಗ ರೂಲ್ಸ್ ಪಡಿ ದಾನೇ ಪಣ್ಣೀಂಗ.” ನೀವು ನಿಯಮದಂತೆಯೇ ಮಾಡಿದಿರಲ್ಲ. ಆಮೇಲೆ ಅಂಬತ್ತೂರಿನ ಶಾಲೆ ಚೆನ್ನಾಗಿದೆ, ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತದೆ, ಅಲ್ಲಿ ಲೈಬ್ರರಿ ಮತ್ತು ಆಟದ ಪೀರಿಯಡ್ ಕೊಟ್ಟಿದ್ದಾರೆ ಎಂದೆಲ್ಲ ತಮಿಳಿನಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ನಡುವೆ ಅಡಿಗೆಮನೆಯ ಕಡೆ ತಿರುಗಿ ಮಗಳಿಗೆ ಕೂಗಿದಳು: “ಕಾಫಿಗೆ ಸಕ್ರೆ ಕಮ್ಮಿ ಹಾಕೇ, ಅವ್ರು ಕಮ್ಮಿ ಕುಡಿಯೋದು.” ನನಗೆ ಸಕ್ಕರೆ ಎಷ್ಟು ಬೇಕೆಂಬುದು ಅವಳಿಗೆ ನೆನಪಿತ್ತು.

ಕಾಫಿ ಕುಡಿದೆ. ಪೊಟ್ಟಣವನ್ನು ಮಗುವಿನ ಕೈಗೆ ಕೊಟ್ಟು ಎದ್ದೆ. ಅವಳು ಬಾಗಿಲವರೆಗೆ ಬಂದು, ಹುಷಾರಾಗಿ ಹೋಗಿ ಬನ್ನಿ ಎಂದು ತಮಿಳಿನಲ್ಲೇ ಹೇಳಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ನಾನು ಮೆಟ್ಟಿಲ ಮೇಲೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ. ಒಳಗೆ ತಟ್ಟೆ ಸರಿದ ಸದ್ದಾಯಿತು. “ಬೆರಳು ಕೊಡು ಪುಟ್ಟಿ. ಹಾಂ, ಹೀಗೆ. ಅ... ಒತ್ತಿ ಬರಿ, ಇನ್ನೂ ಒತ್ತಿ, ನಾನು ಹಿಡ್ಕೊಂಡಿದೀನಲ್ಲ.” ಮಗು ತಮಿಳಿನಲ್ಲಿ ಏನೋ ಹೇಳಿತು. ಅವಳು ನಕ್ಕು, ಕನ್ನಡದಲ್ಲೇ ಇನ್ನೊಂದು ಸಲ ಬರೆಸಿದಳು. ಮೂರನೇ ಸಲ ಬರೆಸುವವರೆಗೂ ನಾನು ಅಲ್ಲೇ ನಿಂತಿದ್ದೆ. ಆಮೇಲೆ ಎದುರು ಮನೆಯ ಬಾಗಿಲು ತೆರೆದುಕೊಂಡಿತು, ಯಾರು ಬೇಕಾಗಿತ್ತು ಎಂದು ಕೇಳುವ ಮುಂಚೆ ಇಳಿದುಬಂದೆ.